ಬ್ಯಾಂಕಾಕ್ ಬೀದಿಯಲ್ಲಿ ಏನು ತಿನ್ನೋದು? ಪಟ್ಟಿ ಬಿಡಿ, ಹೊತ್ತು ನೋಡಿ

ಪ್ರಶ್ನೆ: ಏಪ್ರಿಲ್ ಎರಡನೇ ವಾರ ನಾನು, ನಮ್ಮ ಯಜಮಾನರು, ಅತ್ತೆ ಮೂವರೂ ಥಾಯ್ಲೆಂಡ್‌ಗೆ ಹೊರಟಿದ್ದೇವೆ. ನಾಲ್ಕು ದಿನ ಬ್ಯಾಂಕಾಕ್, ಎರಡು ದಿನ ಚಿಯಾಂಗ್ ಮಾಯ್. ನಾವಿಬ್ಬರೂ ಕೋಳಿ, ಮೀನು, ಮೊಟ್ಟೆ ತಿನ್ನುತ್ತೇವೆ. ಹಂದಿ, ದನ ಬೇಡ. ಅತ್ತೆ ಪೂರ್ತಿ ಸಸ್ಯಾಹಾರಿ, ಮೊಟ್ಟೆಯೂ ಆಗಲ್ಲ. ಬೀದಿ ಬದಿಯಲ್ಲೇ ತಿನ್ನಬೇಕು ಅಂತ ಆಸೆ ಇದೆ, ಆದರೆ 'ತಿನ್ನಲೇಬೇಕಾದ ಇಪ್ಪತ್ತು ತಿಂಡಿ' ಅನ್ನುವ ಪಟ್ಟಿಗಳನ್ನು ಓದಿ ತಲೆ ಕೆಟ್ಟಿದೆ. ಯಾವುದನ್ನು ತಿನ್ನಬೇಕು? ಹೊಟ್ಟೆ ಕೆಡುತ್ತಾ?
(ದಾವಣಗೆರೆಯ ಓದುಗರೊಬ್ಬರು)

ಉತ್ತರ: ಮೊದಲು ಆ ಪಟ್ಟಿಗಳನ್ನು ಪಕ್ಕಕ್ಕಿಡಿ. ಅದರಲ್ಲಿರುವ ತಿಂಡಿಗಳೆಲ್ಲ ಚೆನ್ನಾಗಿಯೇ ಇರುತ್ತವೆ, ತಕರಾರು ಅದಲ್ಲ. ಥಾಯ್ಲೆಂಡ್‌ನ ಬೀದಿ ಊಟ ನಡೆಯುವುದೇ ಹೊತ್ತಿನ ಮೇಲೆ, ಪಟ್ಟಿ ಬರೆದವರು ಅದೊಂದನ್ನೇ ಹೇಳಿರುವುದಿಲ್ಲ. ಬೆಳಿಗ್ಗೆ ಏಳಕ್ಕೆ ಹೊಗೆ ಎಬ್ಬಿಸಿಕೊಂಡು ನಿಂತಿದ್ದ ಗಾಡಿ ಒಂಬತ್ತೂವರೆಗೆ ಅಲ್ಲಿರುವುದಿಲ್ಲ. ಅದೇ ಫುಟ್‌ಪಾತಿನಲ್ಲಿ ಸಂಜೆ ಬೇರೆ ಯಾರೋ ಬೇರೆ ಏನನ್ನೋ ಬಾಣಲೆಗೆ ಹಾಕುತ್ತಿರುತ್ತಾರೆ. ಒಂದು ಗಾಡಿ ಅಂದರೆ ಒಂದೇ ಪದಾರ್ಥ, ಹೆಚ್ಚೆಂದರೆ ಎರಡು. ವರ್ಷಗಟ್ಟಲೆ ಅದೊಂದನ್ನೇ ಮಾಡಿ ಪಳಗಿದ ಕೈ ಅದು. ಇಪ್ಪತ್ತು ಫೋಟೊ ಹಾಕಿ, ನಾಲ್ಕು ಭಾಷೆಯಲ್ಲಿ ಮೆನು ಅಂಟಿಸಿ, ಪ್ಯಾಡ್ ಥಾಯ್ ಅನ್ನುವ ಹುರಿದ ನೂಡಲ್ಸ್‌ನಿಂದ ಪಿಜ್ಜಾವರೆಗೆ ಎಲ್ಲ ಸಿಗುತ್ತದೆ ಅನ್ನುವ ಕಡೆ ಮಾತ್ರ ಕೂರಬೇಡಿ. ಖಾವೊ ಸಾನ್ ರಸ್ತೆಯಲ್ಲಿ ಕಡ್ಡಿಗೆ ಚುಚ್ಚಿದ ಚೇಳು ಮಾರುವವರೂ ಸಿಗುತ್ತಾರೆ. ಅದು ಪ್ರವಾಸಿಗರ ಫೋಟೊಗೆ ಇಟ್ಟಿದ್ದು, ಸುಮ್ನೆ ದಾಟಿ ಹೋಗಿ.

ಬೆಳಗಿನಿಂದಲೇ ಶುರು ಮಾಡೋಣ. ಹಂದಿ ಬೇಡ ಅನ್ನುವವರಿಗೆ ಬೆಳಗಿನ ಹೊತ್ತು ಸ್ವಲ್ಪ ಕಷ್ಟವೇ. ಆಫೀಸಿಗೆ ಹೋಗುವವರು ಕೈಯಲ್ಲಿ ಹಿಡಿದುಕೊಂಡು ನಡೆಯುವ ಮೂ ಪಿಂಗ್ ಅಂದರೆ ಕೆಂಡದ ಮೇಲೆ ಸುಟ್ಟ ಹಂದಿ ಮಾಂಸದ ಕಡ್ಡಿ. ಜೋಕ್ ಅನ್ನುವ ಅಕ್ಕಿ ಗಂಜಿಯಲ್ಲೂ ಸಾಮಾನ್ಯವಾಗಿ ಹಂದಿ ಕೀಮಾ ಉಂಡೆ ಇರುತ್ತದೆ, ಬೇಡ ಅಂದರೂ ಗಂಜಿ ಬೇಯಿಸಿದ್ದು ಅದರ ಮೂಳೆ ಸಾರಿನಲ್ಲೇ ಇರಬಹುದು. ಹಾಗಾಗಿ ನೀವು ಪಾತೊಂಗ್‌ಕೋ ಗಾಡಿ ಹುಡುಕಿ. ಪುಟ್ಟ ಮೈದಾ ತುಂಡುಗಳನ್ನು ಎರಡೆರಡು ಅಂಟಿಸಿ ಎಣ್ಣೆಗೆ ಬಿಡುತ್ತಾರೆ, ಒಳಗೆ ಟೊಳ್ಳಾಗಿ ಉಬ್ಬಿ ಮೇಲೆ ಬರುತ್ತವೆ. ಜೊತೆಗೆ ಬಿಸಿ ಸೋಯಾ ಹಾಲು. ಇದು ಅತ್ತೆಯವರಿಗೂ ಆಗುತ್ತದೆ. ಆದರೆ ಅದ್ದಿಕೊಳ್ಳಲು ಕೊಡುವ ಹಸಿರು ಬಣ್ಣದ ಸಂಖಯಾ ಇದೆಯಲ್ಲ, ಅದಕ್ಕೆ ಮೊಟ್ಟೆ ಹಾಕಿರುತ್ತಾರೆ. ಅದನ್ನು ನೀವಿಬ್ಬರೇ ಮುಗಿಸಿ.

ಅತ್ತೆಯವರನ್ನು ಖನೋಮ್ ಕ್ರೋಕ್ ಗಾಡಿಯ ಮುಂದೆ ಐದು ನಿಮಿಷ ನಿಲ್ಲಿಸಿ. ದಾವಣಗೆರೆಯವರಿಗೆ ಆ ಹಂಚು ನೋಡಿದರೆ ನಗು ಬರುತ್ತದೆ, ನಮ್ಮ ಪಡ್ಡಿನ ಹಂಚೇ ಸ್ವಲ್ಪ ದೊಡ್ಡದಾಗಿ ಅಲ್ಲಿ ಕೂತ ಹಾಗಿರುತ್ತದೆ. ಕೆಲಸ ಮಾತ್ರ ಬೇರೆ. ಮೊದಲು ಉಪ್ಪು ಬೆರೆಸಿದ ತೆಳು ಅಕ್ಕಿ ಹಿಟ್ಟು ಗುಳಿಗೆ ಬೀಳುತ್ತದೆ. ಅದರ ಅಂಚು ಹಿಡಿಯುತ್ತಿದ್ದಂತೆ ನಡುವೆ ಸಿಹಿ ಹಾಕಿದ ಗಟ್ಟಿ ತೆಂಗಿನ ಹಾಲು. ಮೇಲೆ ಚೂರು ಈರುಳ್ಳಿ ಸೊಪ್ಪು, ಇಲ್ಲವೇ ಜೋಳದ ಕಾಳು. ಮುಚ್ಚಳ ಮುಚ್ಚಿ ಸ್ವಲ್ಪ ಹೊತ್ತು ಬಿಡುತ್ತಾರೆ. ಆಮೇಲೆ ಚಮಚದಲ್ಲಿ ಸುತ್ತ ಕೆರೆದು ಎತ್ತಿ, ಎರಡು ಅರ್ಧಗಳನ್ನು ಒಂದರ ಮೇಲೊಂದು ಕವುಚಿ ಕೊಡುತ್ತಾರೆ. ಅಂಚು ಗರಿಗರಿ, ಒಳಗೆ ಇನ್ನೂ ಅರ್ಧ ನೀರು. ತಕ್ಷಣ ಬಾಯಿಗೆ ಹಾಕಬೇಡಿ, ನಾಲಿಗೆ ಸುಟ್ಟುಕೊಳ್ಳುತ್ತೀರಿ. ನನ್ನ ಕೇಳಿದರೆ ಥಾಯ್ ಬೀದಿಯ ಅತಿ ಒಳ್ಳೆಯ ಸಸ್ಯಾಹಾರಿ ತಿಂಡಿ ಇದೇ, ಪಟ್ಟಿಗಳಲ್ಲಿ ಇದಕ್ಕೆ ಸಿಗುವ ಜಾಗ ತೀರಾ ಕಡಿಮೆ.

ಮಧ್ಯಾಹ್ನಕ್ಕೆ ನಿಮ್ಮಿಬ್ಬರಿಗೆ ಖಾವ್ ಮನ್ ಕೈ. ಚೀನಾದ ಹೈನಾನ್ ದ್ವೀಪದಿಂದ ಬಂದವರು ತಂದ ಊಟ ಇದು. ಕೋಳಿಯನ್ನು ಇಡಿಯಾಗಿ ನೀರಿನಲ್ಲಿ ಮೆಲ್ಲಗೆ ಬೇಯಿಸುತ್ತಾರೆ, ಆ ಸಾರು, ಕೋಳಿಯ ಕೊಬ್ಬು, ಬೆಳ್ಳುಳ್ಳಿ, ಶುಂಠಿ ಹಾಕಿ ಅನ್ನ ಮಾಡುತ್ತಾರೆ. ತಟ್ಟೆ ನೋಡಿದರೆ ಪೇಲವ, ಬಿಳಿ ಅನ್ನದ ಮೇಲೆ ಬಿಳಿ ಕೋಳಿ. ಜೀವ ಇರುವುದು ಪಕ್ಕದ ಪುಟ್ಟ ಬಟ್ಟಲಿನಲ್ಲಿ: ಹುದುಗಿಸಿದ ಸೋಯಾ ಕಾಳು, ಶುಂಠಿ, ಹಸಿಮೆಣಸು, ಬೆಳ್ಳುಳ್ಳಿ ಬೆರೆತ ಗೊಜ್ಜು. ಜಾಸ್ತಿ ಶುಂಠಿ ಕೇಳಿ ಹಾಕಿಸಿಕೊಳ್ಳಿ. ಒಂದು ಬಟ್ಟಲು ತಿಳಿ ಸಾರೂ ಬರುತ್ತದೆ, ಬಹಳ ಕಡೆ ಅದರಲ್ಲಿ ಬೂದುಗುಂಬಳದ ತುಂಡು ಇರುತ್ತದೆ. ತಟ್ಟೆಯ ಅಂಚಿನಲ್ಲಿ ಕಡು ಕಂದು ಬಣ್ಣದ ಮೆತ್ತನೆ ತುಂಡು ಕಂಡರೆ ಅದು ಲಿವರ್ ಇರಬಹುದು ಅಥವಾ ಹೆಪ್ಪುಗಟ್ಟಿಸಿದ ಕೋಳಿ ರಕ್ತ. ಬೇಡದಿದ್ದರೆ ಬದಿಗಿಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಪ್ರತುನಾಮ್ ಕಡೆ ಬಟ್ಟೆ ಖರೀದಿಗೆ ಹೇಗೂ ಹೋಗುತ್ತೀರಿ ಅಲ್ವಾ, ಅಲ್ಲೇ ಗುಲಾಬಿ ಅಂಗಿ ತೊಟ್ಟವರು ಬಡಿಸುವ ಹೆಸರುವಾಸಿ ಅಂಗಡಿ ಇದೆ. ಸರದಿ ಉದ್ದ ಇದ್ದರೂ ಬೇಗ ಸಾಗುತ್ತದೆ.

ಮಧ್ಯಾಹ್ನದ ಇನ್ನೊಂದು ಊಟ ಪ್ಯಾಡ್ ಕ್ರಪಾವ್. ಪ್ಯಾಡ್ ಥಾಯ್‌ಗಿಂತ ಇದನ್ನೇ ಅಲ್ಲಿನ ಜನ ಹೆಚ್ಚು ತಿನ್ನುವುದು, ಏನು ತಿನ್ನೋಣ ಅಂತ ತಲೆಗೆ ಹೊಳೆಯದಿದ್ದಾಗ ಬಾಯಿಗೆ ಬರುವ ಹೆಸರೇ ಇದು. ಬೆಳ್ಳುಳ್ಳಿ, ಮೆಣಸಿನಕಾಯಿ ಕುಟ್ಟಿ ಕಾದ ಬಾಣಲೆಗೆ ಹಾಕಿದರೆ ಇಡೀ ರಸ್ತೆ ಕೆಮ್ಮುತ್ತದೆ. ಮೇಲೆ ಕೋಳಿ ಕೀಮಾ, ಕೊನೆಗೆ ಒಂದು ಹಿಡಿ ಎಲೆ. ಆ ಎಲೆ ನಮ್ಮ ತುಳಸಿ ಜಾತಿಯದೇ. ಅತ್ತೆಯವರಿಗೆ ಮೊದಲೇ ಹೇಳಿಬಿಡಿ, ಕಟ್ಟೆಯ ಮೇಲಿನ ತುಳಸಿಯನ್ನು ಮಾಂಸದ ಬಾಣಲೆಯಲ್ಲಿ ನೋಡಿ ಬೇಜಾರಾಗುವುದು ಬೇಡ. ಅನ್ನದ ಮೇಲೆ 'ಖೈ ದಾವ್' ಹಾಕಿಸಿಕೊಳ್ಳಿ, ಜಾಸ್ತಿ ಎಣ್ಣೆಯಲ್ಲಿ ಕರಿದ ಮೊಟ್ಟೆ, ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿ ಹಳದಿ ಮಾತ್ರ ಹರಿಯುವ ಹಾಗಿರುತ್ತದೆ. ಕೈ ಅಂದರೆ ಕೋಳಿ, ಖೈ ಅಂದರೆ ಮೊಟ್ಟೆ. ಮೂ ಹಂದಿ, ನುಅ ದನ, ಪ್ಲಾ ಮೀನು, ಕುಂಗ್ ಸಿಗಡಿ. ಈ ಆರು ಗೊತ್ತಿದ್ದರೆ ಸಾಕು, ಉಚ್ಚಾರ ಎಡವಟ್ಟಾದರೆ ಬೆರಳು ತೋರಿಸಿ.

ಈಗ ಸೋಮ್ ತಮ್, ಅಂದರೆ ಪಪ್ಪಾಯಿ ಕಾಯಿಯ ಕೋಸಂಬರಿ. ಇದು ಬ್ಯಾಂಕಾಕಿನದಲ್ಲ, ಈಶಾನ್ಯ ಭಾಗದ ಇಸಾನ್ ಜನರದ್ದು, ಆ ಕಡೆ ಲಾವೋಸ್‌ನವರದ್ದೂ ಹೌದು. ಇಸಾನ್‌ನಿಂದ ಕೆಲಸ ಹುಡುಕಿಕೊಂಡು ಬಂದವರ ಜೊತೆ ರಾಜಧಾನಿಗೆ ಬಂತು, ಈಗ ಅದಿಲ್ಲದ ಬೀದಿಯೇ ಇಲ್ಲ. ಎತ್ತರದ ಮಣ್ಣಿನ ಒರಳಿಗೆ ಬೆಳ್ಳುಳ್ಳಿ, ಮೆಣಸಿನಕಾಯಿ, ತಾಳೆ ಬೆಲ್ಲ ಹಾಕಿ ಒನಕೆಯಿಂದ ಕುಟ್ಟುತ್ತಾರೆ. ಅಲಸಂದೆ ಕಾಯಿ, ಟೊಮೆಟೊ ಬಿದ್ದ ಮೇಲೆ ಕುಟ್ಟುವುದು ಹಗುರವಾಗುತ್ತದೆ, ಜಜ್ಜಿದರೆ ಸಾಕು. ಕೊನೆಗೆ ಉದ್ದುದ್ದ ಎಳೆಯಾಗಿ ಕೊಚ್ಚಿದ ಪಪ್ಪಾಯಿ ಕಾಯಿ, ನಿಂಬೆ ರಸ, ಮೀನು ಸಾಸ್. ಬಲಗೈಯಲ್ಲಿ ಒನಕೆ, ಎಡಗೈಯಲ್ಲಿ ಚಮಚ, ಒಂದು ಕುಟ್ಟಿದರೆ ಇನ್ನೊಂದು ಮೊಗಚುತ್ತದೆ. ನಡುವೆ ನಿಮ್ಮ ಮುಖ ನೋಡಿ ಎಷ್ಟು ಮೆಣಸಿನಕಾಯಿ ಅಂತ ಕೇಳುತ್ತಾರೆ. ಬ್ಯಾಡಗಿ ತಿಂದವರು ನಾವು, ಖಾರ ಏನು ಮಹಾ ಅಂತ ಜಂಬ ಬೇಡ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಅವರ ಪುಟ್ಟ ಮೆಣಸಿನಕಾಯಿ ಬೇರೆಯೇ ಲೆಕ್ಕ. ಒಂದು ಅಂತ ಬೆರಳು ತೋರಿಸಿ, ಸಾಲದಿದ್ದರೆ ಇನ್ನೊಂದು ಹಾಕಿಸಿ.

ಕೇಳುವಾಗ 'ಸೋಮ್ ತಮ್ ಥಾಯ್' ಅಂತಲೇ ಕೇಳಿ. ಅದರಲ್ಲಿ ಕಡಲೆಕಾಯಿ, ಒಣ ಸಿಗಡಿ ಇರುತ್ತದೆ. 'ಪ್ಲಾ ರಾ' ಅಂದರೆ ಹುದುಗಿಸಿದ ಮೀನಿನ ರಸ, 'ಪೂ' ಅಂದರೆ ಉಪ್ಪಿನಲ್ಲಿ ಹಾಕಿಟ್ಟ ಹಸಿ ಏಡಿ. ರುಚಿ ಹತ್ತಿದವರು ಅದನ್ನು ಬಿಟ್ಟು ಬೇರೆ ಮುಟ್ಟುವುದಿಲ್ಲ, ಹೊಸಬರ ಹೊಟ್ಟೆಗೆ ಅದು ಬೇಡ. ಜೊತೆಗೆ ಕೆಂಡದಲ್ಲಿ ಸುಟ್ಟ ಕೋಳಿ, ಕೈ ಯಾಂಗ್, ಮತ್ತು ಬಿದಿರಿನ ಬುಟ್ಟಿಯಲ್ಲಿ ಬರುವ ಅಂಟು ಅಕ್ಕಿಯ ಅನ್ನ. ಈ ಅನ್ನಕ್ಕೆ ಚಮಚ ಬೇಡ, ಬೆರಳಲ್ಲಿ ಉಂಡೆ ಮಾಡಿ ಅದ್ದಿ ತಿನ್ನುವುದೇ ಅಲ್ಲಿನ ಕ್ರಮ.

ಅತ್ತೆಯವರ ವಿಷಯ ಈಗ ನೇರವಾಗಿ ಹೇಳ್ತೇನೆ. ಮಾಂಸ ಬೇಡ ಅಂದರೆ ಮಾಂಸ ತೆಗೆಯುತ್ತಾರೆ, ನಾಮ್ ಪ್ಲಾ ತೆಗೆಯುವುದಿಲ್ಲ. ನಾಮ್ ಪ್ಲಾ ಅಂದರೆ ಮೀನು ಸಾಸ್, ಅವರಿಗೆ ಅದೇ ಉಪ್ಪು. ಸೊಪ್ಪು ಹುರಿದರೂ ಅದು, ನೂಡಲ್ಸ್‌ಗೂ ಅದು, ಅದಿಲ್ಲದಿದ್ದರೆ ಆಯ್ಸ್ಟರ್ ಸಾಸ್, ಅದೂ ಚಿಪ್ಪು ಮೀನಿನದೇ. ಗ್ರೀನ್ ಕರಿ, ರೆಡ್ ಕರಿ ಮಸಾಲೆಯಲ್ಲಿ ಸಿಗಡಿ ಅರೆದು ಹಾಕಿರುತ್ತಾರೆ, ಮೇಲೆ ತೋಫು ತೇಲುತ್ತಿದ್ದ ಮಾತ್ರಕ್ಕೆ ಸಸ್ಯಾಹಾರ ಆಗಲಿಲ್ಲ. ಸೋಮ್ ತಮ್‌ಗೆ ಮೀನು ಹಾಕಬೇಡಿ ಅಂದರೂ ಒರಳು ಅದೇ. ಅಡ್ಜಸ್ಟ್ ಮಾಡಿಕೊಳ್ಳುವವರಿಗೆ ಇದೆಲ್ಲ ನಡೆಯುತ್ತದೆ, ಅತ್ತೆಯವರಿಗೆ ನಡೆಯಲಿಕ್ಕಿಲ್ಲ.

ಅವರಿಗೆ ದಾರಿ 'ಜೇ'. ಇದು ಚೀನೀ ಮೂಲದ ಬೌದ್ಧರ ಆಹಾರ ಪದ್ಧತಿ. ಮಾಂಸ, ಮೀನು, ಮೊಟ್ಟೆ, ಹಾಲು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಇರುತ್ತದೆ, ಥಾಯ್ ಬಾರದವರಿಗೆ 17 ಅಂತ ಬರೆದ ಹಾಗೆ ಕಾಣುತ್ತದೆ. ಆ ಗುರುತು ನೆನಪಿಟ್ಟುಕೊಳ್ಳಿ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್‌ನಲ್ಲಿ ಬರುವ ಒಂಬತ್ತು ದಿನದ ಸಸ್ಯಾಹಾರ ಹಬ್ಬದಲ್ಲಿ ಬೀದಿಗೆ ಬೀದಿಯೇ ಹಳದಿಯಾಗಿರುತ್ತದೆ, ನೀವು ಹೋಗುವ ಏಪ್ರಿಲ್‌ನಲ್ಲಿ ಹುಡುಕಬೇಕು. ವರ್ಷಪೂರ್ತಿ ನಡೆಯುವ ಜೇ ಅಂಗಡಿಗಳು ಚೈನಾಟೌನ್ ಕಡೆ, ಮಾರುಕಟ್ಟೆಗಳ ಪಕ್ಕ ಇರುತ್ತವೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹೋಗಿ. ಟ್ರೇಗಳಲ್ಲಿ ಪಲ್ಯ, ಅಣಬೆ, ತೋಫು ಇಟ್ಟಿರುತ್ತಾರೆ, ತೋರಿಸಿದರೆ ಅನ್ನದ ಮೇಲೆ ಬಡಿಸುತ್ತಾರೆ. ಕೆಲವು ಟ್ರೇ ನೋಡಿದರೆ ಥೇಟ್ ಮಾಂಸದ ತುಂಡೇ. ಅದು ಗೋಧಿ ಇಲ್ಲವೇ ಸೋಯಾದಿಂದ ಮಾಡಿದ್ದು, ಗಾಬರಿ ಬೇಡ. ಕಣ್ಣಿಗೇ ಆಗಿಬರದಿದ್ದರೆ ಅಣಬೆ ಕಡೆ ಹೋಗಿ. ಮೊಟ್ಟೆ ಹಾಲು ಪರವಾಗಿಲ್ಲ ಅನ್ನುವ ಸಸ್ಯಾಹಾರಕ್ಕೆ 'ಮಂಗ್ಸವಿರತ್' ಅನ್ನುತ್ತಾರೆ, ಅತ್ತೆಯವರಿಗೆ ಆ ಪದ ಬೇಡ. 'ಕಿನ್ ಜೇ' ಅನ್ನುವುದೇ ಸರಿ. ಹೋಟೆಲ್ ರಿಸೆಪ್ಷನ್‌ನಲ್ಲಿ ಒಂದು ಚೀಟಿ ಬರೆಸಿಕೊಳ್ಳಿ: ಮಾಂಸ, ಮೀನು ಸಾಸ್, ಸಿಗಡಿ, ಆಯ್ಸ್ಟರ್ ಸಾಸ್, ಮೊಟ್ಟೆ ಬೇಡ ಅಂತ ಥಾಯ್ ಲಿಪಿಯಲ್ಲಿ. ನಾವು ಬಾಯಲ್ಲಿ ಹೇಳುವ ಥಾಯ್‌ಗಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ. ಏನೂ ಸರಿಹೋಗದ ದಿನಕ್ಕೆ ಪಾಹುರಾತ್ ಇದೆ, ಚೈನಾಟೌನ್ ಪಕ್ಕದ ಭಾರತೀಯರ ಪೇಟೆ. ಚಪಾತಿ ದಾಲ್ ಸಿಗುತ್ತದೆ.

ಸಿಹಿಯಲ್ಲಿ ಮಾತ್ರ ಅತ್ತೆಯವರೇ ರಾಣಿ. ನೀವು ಹೋಗುತ್ತಿರುವುದು ಮಾವಿನ ಕಾಲಕ್ಕೆ ಸರಿಯಾಗಿ. ಮಾರ್ಚ್‌ನಿಂದ ಜೂನ್‌ವರೆಗೆ ನಾಮ್ ದೋಕ್ ಮಾಯ್ ಅನ್ನುವ ಉದ್ದನೆಯ, ನಾರಿಲ್ಲದ ಹಣ್ಣು ಬರುತ್ತದೆ. ಅದನ್ನು ಅಂಟು ಅನ್ನದ ಜೊತೆ ಕೊಡುತ್ತಾರೆ. ಅನ್ನಕ್ಕೆ ತೆಂಗಿನ ಹಾಲು ಸಕ್ಕರೆ ಕುಡಿಸಿರುತ್ತಾರೆ, ಮೇಲೆ ಸುರಿಯುವ ಹಾಲಿಗೆ ಉಪ್ಪು ಹಾಕಿರುತ್ತಾರೆ, ಹುರಿದ ಹೆಸರು ಬೇಳೆ ಉದುರಿಸುತ್ತಾರೆ. ಆ ಉಪ್ಪೇ ಇದರ ಗುಟ್ಟು. ಬಾಳೆಹಣ್ಣಿನ ಬೋಂಡಾ, ತೆಂಗಿನ ಹಾಲಿನ ಐಸ್‌ಕ್ರೀಮ್, ಕೆಂಡದಲ್ಲಿ ಸುಟ್ಟ ಬಾಳೆಹಣ್ಣು, ಎಲ್ಲ ಧೈರ್ಯವಾಗಿ ಕೊಡಿಸಿ. ರೋಟಿ ಗಾಡಿಯೂ ಇದೆ, ಹೆಚ್ಚಾಗಿ ಮುಸ್ಲಿಮರು ನಡೆಸುವುದು. ಹಿಟ್ಟನ್ನು ಬೀಸಿ ಬೀಸಿ ಕಾಗದದಷ್ಟು ತೆಳು ಮಾಡಿ, ಬಾಳೆಹಣ್ಣು ಮಡಚಿ, ಮೇಲೆ ಕಂಡೆನ್ಸ್ಡ್ ಮಿಲ್ಕ್ ಸುರಿಯುತ್ತಾರೆ. 'ಮೈ ಸೈ ಖೈ' ಅಂದರೆ ಮೊಟ್ಟೆ ಒಡೆದು ಹಾಕುವುದಿಲ್ಲ. ಆದರೆ ಕೆಲವರು ಹಿಟ್ಟಿಗೇ ಮೊಟ್ಟೆ ಕಲಸಿರುತ್ತಾರೆ, ಚೀಟಿ ತೋರಿಸಿ ಕೇಳಿಕೊಳ್ಳಿ. ಹಣ್ಣಿನ ಗಾಡಿಯಲ್ಲಿ ಒಂದು ಎಚ್ಚರ: ಮಾವಿನಕಾಯಿ ಜೊತೆ ಕೊಡುವ ಕಂದು ಬಣ್ಣದ ಸಿಹಿ ಗೊಜ್ಜು ಬೆಲ್ಲದ್ದು ಅಂದುಕೊಂಡೀರಿ, ಅದರಲ್ಲಿ ಮೀನು ಸಾಸ್, ಒಣ ಸಿಗಡಿ ಇರುತ್ತದೆ.

ಸಂಜೆಗೆ ಯಾವೊರಾತ್, ಅಂದರೆ ಚೈನಾಟೌನ್. 2019ರಲ್ಲಿ ವಾಟ್ ಮಂಗ್ಕೊನ್ ಮೆಟ್ರೊ ನಿಲ್ದಾಣ ಬಂದ ಮೇಲೆ ಹೋಗುವುದು ಸಲೀಸು. ಸೋಮವಾರ ಬಹಳ ಗಾಡಿಗಳು ರಜೆ, ಆ ದಿನ ಬಿಟ್ಟು ಬೇರೆ ದಿನ ಹೋಗಿ. ಇಲ್ಲಿ ಹೋಯ್ ತೋಡ್ ತಿನ್ನಿ, ಚಿಪ್ಪು ಮೀನು ಹಾಕಿ ಅಗಲ ಕಾವಲಿಯಲ್ಲಿ ಗರಿಗರಿ ಮಾಡುವ ಆಮ್ಲೆಟ್. ಅತ್ತೆಯವರಿಗೆ ಬುಅ ಲೋಯ್ ನಾಮ್ ಖಿಂಗ್: ಕರಿ ಎಳ್ಳಿನ ಹೂರಣ ತುಂಬಿದ ಅಂಟು ಅಕ್ಕಿ ಉಂಡೆ, ಮೂಗಿಗೆ ಹತ್ತುವಷ್ಟು ಖಾರದ ಬಿಸಿ ಶುಂಠಿ ನೀರಿನಲ್ಲಿ. ಹೂರಣಕ್ಕೆ ಕೆಲವು ಕಡೆ ಹಂದಿ ಕೊಬ್ಬು ಸೇರಿಸುವ ಹಳೇ ಪದ್ಧತಿ ಇದೆ, ಅದನ್ನೂ ಚೀಟಿ ತೋರಿಸಿಯೇ ಕೇಳಿ.

ಪ್ಯಾಡ್ ಥಾಯ್ ಬಗ್ಗೆ ಇಷ್ಟು ಹೊತ್ತು ಹೇಳದೆ ಇದ್ದದ್ದು ಬೇಕಂತಲೇ. ಒಳ್ಳೆಯ ತಿಂಡಿ, ಆದರೆ ಹೆಸರು ಅದರ ಯೋಗ್ಯತೆಗಿಂತ ದೊಡ್ಡದಾಗಿ ಬೆಳೆದಿದೆ. ಅದನ್ನು ರಾಷ್ಟ್ರೀಯ ತಿಂಡಿ ಮಾಡಿದ್ದೇ ಸರ್ಕಾರ. ಪ್ಲೇಕ್ ಫಿಬುನ್‌ಸೊಂಗ್‌ಖ್ರಾಮ್ ಪ್ರಧಾನಿಯಾಗಿದ್ದಾಗ, 1939ರಲ್ಲಿ ಸಯಾಮ್ ಅನ್ನುವ ಹೆಸರು ಹೋಗಿ ಥಾಯ್ಲೆಂಡ್ ಬಂತು, ಅದೇ ರಾಷ್ಟ್ರೀಯತೆಯ ಭರದಲ್ಲಿ ಚೀನೀಯರ ಹುರಿದ ನೂಡಲ್ಸ್‌ಗೂ ಥಾಯ್ ಅನ್ನುವ ಮುದ್ರೆ ಬಿತ್ತು. ಸರಿಯಾಗಿ ಮಾಡಿದರೆ ಹುಣಸೆ ಹುಳಿ, ತಾಳೆ ಬೆಲ್ಲ, ಉಪ್ಪು ಮೂರೂ ಒಟ್ಟಿಗೆ ನಾಲಿಗೆಗೆ ಬರಬೇಕು. ನೆನೆಸಿದ ಅಕ್ಕಿ ನೂಡಲ್ಸ್ ಆ ರಸದಲ್ಲೇ ಬೇಯಬೇಕು, ಆರ್ಡರ್ ಕೊಟ್ಟ ಮೇಲೆಯೇ ಬಾಣಲೆಗೆ ಬೀಳಬೇಕು. ರಾಶಿ ಮಾಡಿಟ್ಟು ಬಿಸಿ ಮಾಡಿ ಕೊಡುವ ಕಡೆ ಸಿಗುವುದು ಸಿಹಿ ಶ್ಯಾವಿಗೆ ಮುದ್ದೆ. ಪಕ್ಕದಲ್ಲಿ ಹಸಿ ಬಾಳೆ ಹೂವು, ಮೊಳಕೆ ಕಾಳು ಇಡುತ್ತಾರೆ, ಅದು ಅಲಂಕಾರಕ್ಕಲ್ಲ, ನಡುನಡುವೆ ಕಚ್ಚಿಕೊಳ್ಳಲಿಕ್ಕೆ. ಹೆಸರಾಂತ ಥಿಪ್ ಸಮಾಯ್ ಇರುವುದು ಮಹಾಚಾಯ್ ರಸ್ತೆಯಲ್ಲಿ. ಅದೇ ರಸ್ತೆಯಲ್ಲಿ ಜೇ ಫಾಯ್ ಕೂಡ ಇದ್ದಾರೆ, ಕಣ್ಣಿಗೆ ಗಾಗಲ್ ಹಾಕಿಕೊಂಡು ಇದ್ದಿಲ ಒಲೆಯ ಮುಂದೆ ಏಡಿ ಆಮ್ಲೆಟ್ ಮಾಡುವ ಅಜ್ಜಿ. ಒಳ್ಳೆಯ ಹೋಟೆಲ್‌ಗಳಿಗೆ ಸ್ಟಾರ್ ಕೊಡುವ ಮಿಶೆಲಿನ್ ಗೈಡ್‌ನ ಮೊದಲ ಬ್ಯಾಂಕಾಕ್ ಪುಸ್ತಕದಲ್ಲೇ, ಅಂದರೆ 2018ರ ಆವೃತ್ತಿಯಲ್ಲಿ, ಸ್ಟಾರ್ ಸಿಕ್ಕಿತು. ಆ ಆಮ್ಲೆಟ್‌ಗೆ ಸಾವಿರ ಬಾತ್‌ಗೂ ಮೇಲೆ, ಸರದಿಯೋ ಗಂಟೆಗಟ್ಟಲೆ. ಅತ್ತೆಯವರನ್ನು ಬಿಸಿಲಲ್ಲಿ ಕೂರಿಸಿಕೊಂಡು ಕಾಯುವಂಥದ್ದಲ್ಲ ಅಂತ ನನ್ನ ಅಭಿಪ್ರಾಯ. ಬೀದಿಯಲ್ಲಿ ಒಂದು ತಟ್ಟೆ ಊಟ ಸಾಮಾನ್ಯವಾಗಿ 50ರಿಂದ 80 ಬಾತ್‌ನಲ್ಲಿ ಮುಗಿಯುತ್ತದೆ. ಒಂದು ಬಾತ್ ಅಂದರೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಲೆಕ್ಕ ಹಾಕಿ.

ಇನ್ನೊಂದು ವಿಷಯ, ಇದನ್ನು ಯಾರೂ ಹೇಳಿಕೊಡುವುದಿಲ್ಲ. ನೂಡಲ್ಸ್ ಅಂಗಡಿಯ ಮೇಜಿನ ಮೇಲೆ ನಾಲ್ಕು ಡಬ್ಬಿ ಇರುತ್ತವೆ: ಸಕ್ಕರೆ, ಖಾರದ ಪುಡಿ, ಮೀನು ಸಾಸ್, ಮೆಣಸಿನಕಾಯಿ ಹಾಕಿದ ವಿನೆಗರ್. ಬಟ್ಟಲು ಬಂದ ತಕ್ಷಣ ತಿನ್ನಬೇಡಿ. ಒಂದು ಚಮಚ ಸಾರು ಕುಡಿದು ನೋಡಿ, ಆಮೇಲೆ ನಿಮಗೆ ಬೇಕಾದ್ದನ್ನು ಸೇರಿಸಿ. ಅಡುಗೆಯವರು ಬೇಕಂತಲೇ ಸಪ್ಪೆ ಬಿಟ್ಟಿರುತ್ತಾರೆ, ಕೊನೆಯ ಹದ ತಿನ್ನುವವರದ್ದು. ದೋಣಿ ನೂಡಲ್ಸ್ ಅನ್ನುವ ಕಪ್ಪು ಸಾರಿನ ಪುಟ್ಟ ಬಟ್ಟಲುಗಳನ್ನು ಮಾತ್ರ ನೀವು ಬಿಟ್ಟುಬಿಡಿ, ಆ ಸಾರಿಗೆ ಹಂದಿ ಅಥವಾ ದನದ ರಕ್ತ ಸೇರಿಸುತ್ತಾರೆ.

ಹೊಟ್ಟೆ ಕೆಡುತ್ತಾ ಅಂತ ಕೇಳಿದ್ದೀರಿ. ನಿಮ್ಮ ಕಣ್ಣೆದುರೇ ಬೆಂಕಿಯಿಂದ ಇಳಿದದ್ದು, ಸ್ಥಳೀಯರು ಸಾಲು ನಿಂತು ತಿನ್ನುವುದು, ಬೇಗ ಖಾಲಿಯಾಗುವುದು, ಈ ಮೂರು ಇದ್ದರೆ ಭಯ ಬೇಡ. ನಡುವೆ ತೂತಿರುವ ಕೊಳವೆ ಐಸ್ ಕಾರ್ಖಾನೆಯಿಂದ ಬರುವುದು, ಅದು ಪರವಾಗಿಲ್ಲ. ನಲ್ಲಿ ನೀರು ಬೇಡ. ಟ್ರೇ ಪದಾರ್ಥಗಳನ್ನು ಮಧ್ಯಾಹ್ನ ಎರಡರ ಮೇಲೆ ಮುಟ್ಟಬೇಡಿ, ಏಪ್ರಿಲ್ ಅಲ್ಲಿ ವರ್ಷದಲ್ಲೇ ಅತಿ ಸೆಕೆಯ ತಿಂಗಳು. ಹಸಿ ಮಾಂಸದ ಅಥವಾ ಹಸಿ ಹೊಳೆ ಮೀನಿನ ಇಸಾನ್ ಖಾದ್ಯಗಳು ಬೇಡವೇ ಬೇಡ, ಹಸಿ ಹೊಳೆ ಮೀನಿನಿಂದ ಲಿವರ್‌ಗೆ ಹುಳ ಸೇರಬಹುದು.

ಚಿಯಾಂಗ್ ಮಾಯ್‌ನಲ್ಲಿ ಒಂದೇ ಗುರಿ ಸಾಕು, ಖಾವ್ ಸೋಯ್. ತೆಂಗಿನ ಹಾಲಿನ ಮಸಾಲೆ ಸಾರಿನಲ್ಲಿ ಮೊಟ್ಟೆ ನೂಡಲ್ಸ್, ಕೋಳಿ ಕಾಲು, ಮೇಲೆ ಅದೇ ನೂಡಲ್ಸ್ ಕರಿದು ಹಾಕಿದ್ದು, ಪಕ್ಕದಲ್ಲಿ ಸಾಸಿವೆ ಸೊಪ್ಪಿನ ಉಪ್ಪಿನಕಾಯಿ, ಹಸಿ ಸಾಂಬಾರ್ ಈರುಳ್ಳಿ, ನಿಂಬೆ. ಇದರ ನಂಟು ಚೀನಾದ ಯುನ್ನಾನ್‌ನಿಂದ ಹೇಸರಗತ್ತೆ ಹೊಡೆದುಕೊಂಡು ವ್ಯಾಪಾರಕ್ಕೆ ಬರುತ್ತಿದ್ದ ಮುಸ್ಲಿಮರ ಜೊತೆ. ನೈಟ್ ಬಜಾರ್ ಹತ್ತಿರದ ಬಾನ್ ಹೋ ಮಸೀದಿಯ ಗಲ್ಲಿಯಲ್ಲಿ ಅವರ ಅಂಗಡಿಗಳು ಈಗಲೂ ಇವೆ, ಅಲ್ಲಿ ಹಂದಿಯ ಚಿಂತೆ ಇಲ್ಲ. ದನದ್ದೂ ಮಾಡುತ್ತಾರೆ, ಹಾಗಾಗಿ 'ಖಾವ್ ಸೋಯ್ ಕೈ' ಅಂತ ಕೇಳಿ. ಅತ್ತೆಯವರಿಗೆ ಆ ಊರಿನಲ್ಲಿ ಸಸ್ಯಾಹಾರಿ ಹೋಟೆಲ್‌ಗಳಿಗೆ ಕೊರತೆಯಿಲ್ಲ, ಬ್ಯಾಂಕಾಕ್‌ಗಿಂತ ಸುಲಭ.

ಕೊನೆಗೆ ದಿನಾಂಕ. ಏಪ್ರಿಲ್ 13ರಿಂದ 15 ಸೊಂಗ್‌ಕ್ರಾನ್, ಅವರ ಹೊಸ ವರ್ಷ. ಗಾಡಿ ನಡೆಸುವವರಲ್ಲಿ ಬಹಳ ಜನ ಇಸಾನ್ ಕಡೆಯವರು, ಹಬ್ಬಕ್ಕೆ ಬೀಗ ಹಾಕಿ ಊರಿಗೆ ಹೋಗಿಬಿಡುತ್ತಾರೆ. ಸಾಮಾನ್ಯವಾಗಿ ಗಿಜಿಗುಡುವ ಬೀದಿಯಲ್ಲಿ ಆಗ ನೀರೆರಚುವವರು ಮಾತ್ರ ಸಿಗುತ್ತಾರೆ. ಟಿಕೆಟ್ ಇನ್ನೂ ತೆಗೆಯದಿದ್ದರೆ ಒಂದು ವಾರ ಮೊದಲೇ ಹೋಗಿ ಬನ್ನಿ. ತೆಗೆದಾಗಿದ್ದರೆ ಬ್ಯಾಂಕಾಕಿನ ನಾಲ್ಕು ದಿನ 12ನೇ ತಾರೀಕಿನ ಒಳಗೆ ಮುಗಿಯುವ ಹಾಗೆ ನೋಡಿಕೊಳ್ಳಿ, ಹಬ್ಬದ ದಿನಗಳನ್ನು ಚಿಯಾಂಗ್ ಮಾಯ್‌ಗೆ ಇಟ್ಟುಕೊಳ್ಳಿ. ಅಲ್ಲೂ ಅಂಗಡಿ ಮುಚ್ಚಿರುತ್ತವೆ, ಆದರೆ ಹಬ್ಬ ನೋಡಲು ಅದಕ್ಕಿಂತ ಒಳ್ಳೆಯ ಊರಿಲ್ಲ. ಮೊಬೈಲ್‌ಗೆ ಪ್ಲಾಸ್ಟಿಕ್ ಕವರ್ ತೊಡಿಸಿ, ಅತ್ತೆಯವರ ಆ ಥಾಯ್ ಚೀಟಿಗೂ.